ಮೇಲ್ತುಟಿಯ ಒಳಗಿನ ಎಳೆ: ಕತ್ತರಿಸಬೇಕೇ, ಕಾಯಬೇಕೇ?

ಪ್ರಶ್ನೆ: ಮಗಳಿಗೆ 8 ವರ್ಷ. ಮೇಲಿನ ಮುಂದಿನ ಎರಡು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಇದೆ. ತುಟಿ ಎತ್ತಿದರೆ ಒಳಗೆ ದಪ್ಪನೆಯ ಎಳೆಯೊಂದು ಒಸಡಿನ ತನಕ ಇಳಿದು ಬಂದಿದೆ. ಕ್ಲಿನಿಕ್ ಒಂದರಲ್ಲಿ ‘ಈಗಲೇ ಲೇಸರ್‌ನಲ್ಲಿ ತೆಗೆಸಿ, ಇಲ್ಲದಿದ್ದರೆ ಮೇಲಿನ ದವಡೆ ಬೆಳೆಯುವುದಿಲ್ಲ’ ಎಂದರು. ಕಂಕುಳಲ್ಲಿದ್ದ ಮೂರು ತಿಂಗಳ ಮಗನ ಬಾಯಿ ನೋಡಿ ಅವನಿಗೂ ಮಾಡಿಸಿ ಎಂದರು. ಅತ್ತೆ ಮಾತ್ರ ‘ಸಂದು ಹಲ್ಲು ಅದೃಷ್ಟ, ಮುಟ್ಟಬೇಡಿ’ ಅಂತಾರೆ. ಅವರಿಗೆ ಹಲ್ಲಿನ ಸೆಟ್ಟು ಅದೇ ಎಳೆಗೆ ತಾಗಿ ಒಂದು ತಿಂಗಳಿಂದ ಹುಣ್ಣು. ಯಜಮಾನರಿಗೆ ಅಂಗುಳದ ನಡುವೆ ಗಟ್ಟಿ ಗಂಟು. ಇದೆಲ್ಲ ವಂಶದಲ್ಲೇ ಬಂದ ದವಡೆಯ ದೋಷವೇ? ಏನು ಮಾಡಬೇಕು?
— ಓದುಗರೊಬ್ಬರು, ತಿಪಟೂರು

ಉತ್ತರ: ನೀವು ಕೇಳಿದ ಕ್ರಮದಲ್ಲೇ ಉತ್ತರಿಸುವುದಿಲ್ಲ, ಬೇಜಾರು ಮಾಡ್ಕೋಬೇಡಿ. ನೀವು ಬರೆದ ನಾಲ್ಕು ಬಾಯಿಗಳಲ್ಲಿ ಈ ವಾರವೇ ವೈದ್ಯರಿಗೆ ತೋರಿಸಬೇಕಾದದ್ದು ನಿಮ್ಮ ಅತ್ತೆಯವರದು. ಮಗಳ ವಿಷಯದಲ್ಲಿ ಇನ್ನೂ ಮೂರು–ನಾಲ್ಕು ವರ್ಷ ಸಮಯವಿದೆ. ಮಗ ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಅವನಿಗೆ ಏನೂ ಬೇಕಿಲ್ಲ. ಯಜಮಾನರ ಗಂಟಿನ ಬಗ್ಗೆ ಆಮೇಲೆ ಎರಡು ಮಾತು ಹೇಳುತ್ತೇನೆ.

ಸೆಟ್ಟು ತಾಗಿ ಆದ ಹುಣ್ಣು ಸಾಮಾನ್ಯ. ಆದರೆ ಸೆಟ್ಟು ತೆಗೆದಿಟ್ಟು, ತಾಗುವ ಅಂಚನ್ನು ಉಜ್ಜಿಸಿದ ಮೇಲೆ ಅದು ಎರಡು ವಾರದೊಳಗೆ ಮಾಗಬೇಕು. ಮಾಗದಿದ್ದರೆ ‘ಸೆಟ್ಟಿನ ಗಾಯ’ ಅಂತ ಸುಮ್ನೆ ಬಿಡುವ ಹಾಗಿಲ್ಲ. ಚಿಕ್ಕ ತುಣುಕು ತೆಗೆದು ಬಯಾಪ್ಸಿಗೆ ಕಳಿಸಬೇಕಾಗುತ್ತದೆ. ಅತ್ತೆಯವರಿಗೆ ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ದರಂತೂ ತಡ ಮಾಡಲೇಬೇಡಿ. ಮನೆಯಲ್ಲೇ ಬ್ಲೇಡು, ಉಪ್ಪುಕಾಗದ ಹಿಡಿದು ಸೆಟ್ಟಿನ ಅಂಚು ಕೆರೆಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಬೇಡ. ಅವರ ಸೆಟ್ಟನ್ನು ತಿರುಗಿಸಿ ಮುಂದಿನ ಅಂಚು ನೋಡಿ. ನಟ್ಟನಡುವೆ ವಿ ಆಕಾರದ ಒಂದು ಕಚ್ಚು ಇರುತ್ತದೆ. ಆ ಕಚ್ಚಿನಲ್ಲೇ ತುಟಿಯ ಎಳೆ ಕೂರಬೇಕು, ಮಾತಾಡುವಾಗ ನಗುವಾಗ ಆಡಬೇಕು. ಕಚ್ಚು ಸಾಲದಿದ್ದರೆ ಎಳೆ ಉಜ್ಜಿ ಹುಣ್ಣಾಗುತ್ತದೆ, ಸೆಟ್ಟೂ ಎದ್ದು ಬರುತ್ತದೆ. ಜಾಸ್ತಿ ಕೆರೆದರೆ ಸೆಟ್ಟು ಅಲ್ಲಿಂದಲೇ ನಡುವೆ ಸೀಳುತ್ತದೆ. ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಸೆಟ್ಟು ಮಾಡಿದವರಿಗೆ ಬಿಟ್ಟ ಕೆಲಸ.

ಅತ್ತೆಯವರು ಬಹುಶಃ ‘ಸೆಟ್ಟು ಹಾಕಿಸಿದಾಗ ಸರಿಯಾಗೇ ಇತ್ತು, ಈಗೀಗ ಹೀಗೆ’ ಅನ್ನುತ್ತಿರಬಹುದು. ಅದು ನಿಜ. ಹಲ್ಲು ಕೀಳಿಸಿದ ಮೇಲೆ, ಆ ಹಲ್ಲನ್ನು ಹಿಡಿದಿದ್ದ ದವಡೆಯ ಏಣು ಸವೆಯತೊಡಗುತ್ತದೆ. ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲುವುದಿಲ್ಲ. ಮೇಲಿನ ದವಡೆಯ ಏಣು ಹೀಗೆ ಕುಗ್ಗುತ್ತ ಹೋದರೆ ಒಂದು ಕಾಲಕ್ಕೆ ಎಷ್ಟೋ ಮೇಲಿದ್ದ ಎಳೆ ಈಗ ಏಣಿನ ಅಂಚಿಗೇ ಬಂದು ನಿಂತಂತೆ ಕಾಣುತ್ತದೆ. ಕೆರೆಯ ನೀರು ಇಳಿದಾಗ ಕಲ್ಲು ಮೇಲೆದ್ದಂತೆ ಕಾಣುತ್ತದೆ, ಅಲ್ವಾ? ಕಲ್ಲು ಮೊದಲಿದ್ದಲ್ಲೇ ಇದೆ.

ಅತ್ತೆಯಿಂದ ಶುರು ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಿಮಗೆ ಕ್ಲಿನಿಕ್‌ನಲ್ಲಿ ಹೇಳಿದ್ದು ‘ಎಳೆ ದವಡೆಯನ್ನು ಹಿಡಿದಿಟ್ಟಿದೆ’ ಅಂತ. ಬಾಯಿಯಲ್ಲಿ ನಡೆಯುವುದು ಹೆಚ್ಚುಕಡಿಮೆ ಇದರ ತಿರುವುಮುರುವು. ದವಡೆ ಬೆಳೆದಾಗ ಎಳೆ ಮೇಲೆ ಸರಿದಂತೆ ಕಾಣುತ್ತದೆ, ದವಡೆ ಸವೆದಾಗ ಕೆಳಗೆ ಬಂದಂತೆ ಕಾಣುತ್ತದೆ. ನಿಮ್ಮ ಮಗ, ಮಗಳು, ಅತ್ತೆ ಈ ಒಂದೇ ಕಥೆಯ ಮೂರು ಹಂತದಲ್ಲಿದ್ದಾರೆ.

ಈ ಎಳೆಗೆ ದಂತವೈದ್ಯರು ಫ್ರೀನಮ್ ಅನ್ನುತ್ತಾರೆ. ಮೇಲ್ತುಟಿಯ ಒಳಮೈಯಿಂದ ಒಸಡಿಗೆ ಬರುವ ತೆಳು ಚರ್ಮದ ಮಡಿಕೆ ಅಷ್ಟೇ. ಒಳಗೆ ನಾರಿನಂಥ ಅಂಗಾಂಶ ಇರುತ್ತದೆ. ತುಟಿಯನ್ನು ಎತ್ತುವ ಇಳಿಸುವ ಕೆಲಸವೆಲ್ಲ ತುಟಿಯ ಸ್ನಾಯುಗಳದು. ಫ್ರೀನಮ್‌ಗೆ ಹೇಳಿಕೊಳ್ಳುವಂಥ ಬಲವಿಲ್ಲ.

ಇದು ಬರುವುದು ಗರ್ಭದಲ್ಲೇ. ಆರು–ಏಳನೇ ವಾರದ ಹೊತ್ತಿಗೆ ಎಡ ಬಲದಿಂದ ಬೆಳೆದು ಬಂದ ಭಾಗಗಳು ಮೂಗಿನ ಕೆಳಗೆ ಕೂಡಿ ಮೇಲ್ತುಟಿ ಆಗುತ್ತದೆ. ಮೂರನೇ ತಿಂಗಳ ಸುಮಾರಿಗೆ ತುಟಿಯ ಒಳಗಿನಿಂದ ಒಂದು ಪಟ್ಟಿ ಹೊರಟು, ದವಡೆಯ ಏಣನ್ನು ದಾಟಿ, ಅಂಗುಳದ ತನಕ ಹೋಗಿರುತ್ತದೆ. ದವಡೆಯ ಮೂಳೆ ಬೆಳೆಯುತ್ತಿದ್ದಂತೆ ಈ ಪಟ್ಟಿ ನಡುವೆ ಎರಡಾಗುತ್ತದೆ. ಮುಂದಿನ ಅರ್ಧ ತುಟಿಯ ಫ್ರೀನಮ್ ಆಗಿ ಉಳಿಯುತ್ತದೆ. ಹಿಂದಿನ ಅರ್ಧ ಎಲ್ಲಿ ಅಂತೀರಾ? ನಾಲಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲಿನ ಹಿಂಬದಿಗೆ ಒತ್ತಿ ನೋಡಿ. ಪುಟ್ಟದೊಂದು ಉಬ್ಬು ಸಿಗುತ್ತದೆ. ಅದೇ. ಕೆಲವರಲ್ಲಿ ಈ ಎರಡು ತುಂಡು ಪೂರ್ತಿ ಬೇರೆಯಾಗುವುದಿಲ್ಲ. ಆಗ ಎಳೆ ಎರಡು ಹಲ್ಲುಗಳ ನಡುವೆ ನುಸುಳಿ ಹಿಂದಿನ ಉಬ್ಬಿಗೆ ಅಂಟಿಕೊಂಡಿರುತ್ತದೆ. ಸಂದಿಗೂ ಎಳೆಗೂ ನಂಟು ಇದೆ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ.

ಇನ್ನು ದವಡೆ. ಮೇಲಿನ ದವಡೆ ಹೊರಗಿನಿಂದ ಒಂದೇ ಮೂಳೆಯಂತೆ ಕಂಡರೂ ನಡುವೆ ಸೇರಿದ ಎರಡು ಭಾಗ ಅದು. ಸೇರುವ ಗೆರೆ ಅಂಗುಳದ ನಡುವೆ, ಫ್ರೀನಮ್‌ನ ನೇರಕ್ಕೇ ಹೋಗುತ್ತದೆ. ಮುಂದಿನ ನಾಲ್ಕು ಹಲ್ಲು ಹೊತ್ತ ತುಂಡು ಭ್ರೂಣದಲ್ಲಿ ಇನ್ನೂ ಬೇರೆಯಾಗೇ ಇರುತ್ತದೆ. ಪ್ರಾಣಿಗಳಲ್ಲಿ ಈ ತುಂಡು ಎದ್ದು ಕಾಣುತ್ತದೆ, ಮನುಷ್ಯನಿಗೆ ಇಲ್ಲ ಅಂತ 18ನೇ ಶತಮಾನದವರು ನಂಬಿದ್ದರು. ಇದೆ ಅಂತ 1784ರಲ್ಲಿ ತಲೆಬುರುಡೆಗಳನ್ನು ಜೋಡಿಸಿ ನೋಡಿ ಕಂಡುಕೊಂಡವರಲ್ಲಿ ಜರ್ಮನಿಯ ಕವಿ ಗಯಟೆ ಒಬ್ಬ. ಕವಿಗೆ ದವಡೆಯ ಉಸಾಬರಿ ಯಾಕೆ ಅಂತ ಆಗಿನವರೂ ಕೇಳಿರಬಹುದು. ಫ್ರಾನ್ಸಿನ ಅಂಗರಚನಾ ತಜ್ಞರೊಬ್ಬರು ಅವನಿಗಿಂತ ಸ್ವಲ್ಪ ಮೊದಲೇ ಇದನ್ನು ಹೇಳಿದ್ದರು.

ಮೇಲಿನ ದವಡೆ ಅಗಲವಾಗುವುದು ಮುಖ್ಯವಾಗಿ ಈ ನಡುಗೆರೆಯಲ್ಲಿ ಹೊಸ ಮೂಳೆ ಸೇರುವುದರಿಂದ. ಮುಂದಕ್ಕೆ ಕೆಳಕ್ಕೆ ಬೆಳೆಯುವುದು ತಲೆಬುರುಡೆಯ ಬುಡ, ಮೂಗಿನ ಭಾಗ ಬೆಳೆದು ಅದನ್ನು ಸರಿಸುವುದರಿಂದ. ಎತ್ತರವಾಗುವುದು ಹಲ್ಲು ಹುಟ್ಟುತ್ತ ತನ್ನ ಜೊತೆ ಮೂಳೆಯನ್ನೂ ತರುವುದರಿಂದ. ಈ ಬೆಳವಣಿಗೆಯನ್ನು ಕೆಲವೇ ಮಿಲಿಮೀಟರಿನ ಎಳೆಯೊಂದು ತಡೆದು ನಿಲ್ಲಿಸುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ.

ಇದನ್ನು ಕಣ್ಣಾರೆ ನೋಡುವ ಅವಕಾಶ ನಮಗೆ ಸಿಗುತ್ತದೆ. ದವಡೆ ನಿಜಕ್ಕೂ ಕಿರಿದಾದ ಮಕ್ಕಳಿಗೆ ಅಂಗುಳಕ್ಕೆ ಎಕ್ಸ್‌ಪ್ಯಾಂಡರ್ ಎಂಬ ಸಾಧನ ಕೂರಿಸುತ್ತೇವೆ. ನಡುವೆ ಒಂದು ಸ್ಕ್ರೂ. ಅಪ್ಪನೋ ಅಮ್ಮನೋ ದಿನಕ್ಕೆ ಒಂದೆರಡು ಸಲ ಪುಟ್ಟ ಕೀಲಿ ಹಾಕಿ ತಿರುಗಿಸಬೇಕು. ಒಂದು ತಿರುವಿಗೆ ಕಾಲು ಮಿಲಿಮೀಟರ್. ಸ್ವಲ್ಪ ದಿನಕ್ಕೆ ಮುಂದಿನ ಎರಡು ಹಲ್ಲುಗಳ ನಡುವೆ ಇದ್ದಕ್ಕಿದ್ದಂತೆ ಸಂದು ತೆರೆದುಕೊಳ್ಳುತ್ತದೆ. ಮುಂಚೆ ಹೇಳದಿದ್ದರೆ ಮನೆಯವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ಮೂಳೆಯ ನಡುಗೆರೆ ಬಿಟ್ಟುಕೊಂಡಿರುವ ಗುರುತು. ಫ್ರೀನಮ್ ದಪ್ಪಗಿರಲಿ, ತೆಳ್ಳಗಿರಲಿ, ದವಡೆ ಅಗಲವಾಗುತ್ತದೆ. ಎಳೆ ಸುಮ್ಮನೆ ಜೊತೆಗೆ ಹಿಗ್ಗುತ್ತದೆ. ಆಮೇಲೆ ಕೆಲವು ತಿಂಗಳಲ್ಲಿ ಆ ಸಂದು ತಾನಾಗಿಯೇ ಬಹುಪಾಲು ಮುಚ್ಚುತ್ತದೆ, ಏಕೆಂದರೆ ಒಸಡಿನ ನಾರುಗಳು ಎರಡೂ ಹಲ್ಲನ್ನು ಪರಸ್ಪರ ಎಳೆದುಕೊಳ್ಳುತ್ತವೆ.

ಹಾಗಾದರೆ ಮೆತ್ತನೆಯ ಅಂಗಾಂಶಕ್ಕೆ ದವಡೆಯನ್ನು ತಡೆಯುವ ಶಕ್ತಿಯೇ ಇಲ್ಲವೇ? ಇದೆ, ಆದರೆ ಅದು ಗಾಯ ಮಾಗಿ ಉಳಿದ ಬಿಗಿಯಾದ ದೊಡ್ಡ ಕಲೆಗೆ. ಸೀಳುತುಟಿ, ಸೀಳಂಗುಳದೊಂದಿಗೆ ಹುಟ್ಟಿ, ಆಪರೇಷನ್ ಆದ ಮಕ್ಕಳಲ್ಲಿ ಮೇಲಿನ ದವಡೆ ಹಿಂದೆ ಉಳಿಯುವುದು ಹೆಚ್ಚು. ಹುಟ್ಟಿನಿಂದಲೇ ಆ ದವಡೆಗೆ ಬೆಳೆಯುವ ಶಕ್ತಿ ಕಡಿಮೆಯೋ, ಆಪರೇಷನ್ನಿನ ಕಲೆ ಹಿಡಿದಿಡುತ್ತದೆಯೋ ಎಂಬ ಪ್ರಶ್ನೆ ಇತ್ತು. ಶ್ರೀಲಂಕಾದಲ್ಲಿ ಆಪರೇಷನ್ ಆಗದೆಯೇ ದೊಡ್ಡವರಾದವರನ್ನು ಮಾರ್ಸ್ ಮತ್ತು ಹ್ಯೂಸ್ಟನ್ ಎಂಬ ತಜ್ಞರು ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ಅವರ ಮೇಲಿನ ದವಡೆ ಬೆಳೆಯಬೇಕಾದಷ್ಟು ಮುಂದಕ್ಕೆ ಬೆಳೆದಿತ್ತು. ಹಾಗಂತ ಸೀಳುತುಟಿಯ ಆಪರೇಷನ್ ಬೇಡ ಅಂತ ಅರ್ಥವಲ್ಲ. ಊಟ, ಮಾತು, ಮುಖ ಎಲ್ಲಕ್ಕೂ ಅದು ಬೇಕೇ ಬೇಕು. ಫ್ರೀನಮ್ ತೆಗೆದ ಜಾಗದ ಕಲೆ ಇದಕ್ಕೆ ಹೋಲಿಸಿದರೆ ಚುಕ್ಕೆಯಷ್ಟು. ಆದರೂ ಹುಟ್ಟಿನಿಂದ ಇದ್ದ ಸಡಿಲ ಎಳೆಗೆ ಹೆದರಿ, ಅದರ ಜಾಗದಲ್ಲಿ ಕಲೆ ಮಾಡಿಕೊಳ್ಳುವುದು ದವಡೆಯ ಹೆಸರಿನಲ್ಲಿ ಮಾಡುವ ಕೆಲಸವಲ್ಲ.

ಮೇಲಿನ ದವಡೆ ಕಿರಿದಾಗಲು ನಿಜವಾದ ಕಾರಣಗಳು ಬೇರೆ. ಮನೆತನದ ಮುಖಚಹರೆ ಮೊದಲನೆಯದು. ಬೆರಳು ಚೀಪುವ ಅಭ್ಯಾಸ ನಾಲ್ಕೈದು ವರ್ಷ ದಾಟಿಯೂ ಉಳಿದರೆ ಅದು ಎರಡನೆಯದು. ಮೂಗು ಕಟ್ಟಿ ಸದಾ ಬಾಯಲ್ಲಿ ಉಸಿರಾಡುವುದು ಮೂರನೆಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾರ್ವೋಲ್ಡ್ ಎಂಬ ಸಂಶೋಧಕರು ಎಳೆಯ ಕೋತಿಗಳ ಮೂಗಿನ ಹೊಳ್ಳೆ ಮುಚ್ಚಿ ಬಾಯಲ್ಲಿ ಉಸಿರಾಡುವಂತೆ ಮಾಡಿದಾಗ ಅವುಗಳ ಹಲ್ಲಿನ ಸಾಲು ಕೆಟ್ಟಿತು. ಇವತ್ತಾದರೆ ಅಂಥ ಪ್ರಯೋಗಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ನಿಮ್ಮ ಮಗಳು ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾಳಾ, ಸದಾ ಶೀತವಾ? ಹೌದಾದರೆ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಿ, ಅಡಿನಾಯ್ಡ್, ಅಂದರೆ ಮೂಗಿನ ಹಿಂಬದಿಯ ಮೆತ್ತನೆಯ ಗಂಟು, ಊದಿ ಉಸಿರಿನ ದಾರಿ ಕಟ್ಟಿದೆಯೇ ಕೇಳಿ. ದವಡೆಯ ಬಗ್ಗೆ ಕಾಳಜಿ ಇದ್ದರೆ ದುಡ್ಡು ಅಲ್ಲಿ ಖರ್ಚಾಗಲಿ.

ಈಗ ಸಣ್ಣವನ ವಿಷಯ. ಹುಟ್ಟಿದ ಮಗುವಿನ ಬಾಯಲ್ಲಿ ಹಲ್ಲಿಲ್ಲ, ಏಣು ತಗ್ಗು. ಹಾಗಾಗಿ ಫ್ರೀನಮ್ ಏಣಿನ ತುದಿಗೇ ಬಂದಂತೆ ಕಾಣುವುದು ಅಲ್ಲಿ ಮಾಮೂಲು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 100 ನವಜಾತ ಶಿಶುಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಲ್ಲ ಮಕ್ಕಳಿಗೂ ಕಾಣುವಂಥ ಫ್ರೀನಮ್ ಇತ್ತು. ಮೇಲ್ತುಟಿಯನ್ನು ಎಳೆ ಬಿಗಿಯಾಗಿ ಕಟ್ಟಿಹಾಕಿದೆ ಅನ್ನುವುದಕ್ಕೆ ‘ಲಿಪ್ ಟೈ’ ಅನ್ನುತ್ತಾರೆ, ಎಳೆ ಎಲ್ಲಿಯ ತನಕ ಬಂದಿದೆ ಅಂತ ನೋಡಿ ಅದಕ್ಕೆ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುವ ಪದ್ಧತಿ ಒಂದಿದೆ. ನಿಮಗೂ ‘ಗ್ರೇಡ್ ತ್ರೀ’ ಅಂತಲೋ ‘ಫೋರ್’ ಅಂತಲೋ ಹೇಳಿರಬಹುದು. ಅದೇ ಅಧ್ಯಯನದಲ್ಲಿ ಒಂದೇ ಫೋಟೋ ತೋರಿಸಿದರೆ ತಜ್ಞರು ಬೇರೆ ಬೇರೆ ದರ್ಜೆ ಕೊಟ್ಟರು. ಒಬ್ಬೊಬ್ಬರು ಒಂದೊಂದು ಹೇಳುವ ದರ್ಜೆಯ ಮೇಲೆ ಮೂರು ತಿಂಗಳ ಕೂಸಿನ ಬಾಯಿಗೆ ಲೇಸರ್ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಹಾಲು ಕುಡಿಯುವಾಗ ಹೆಚ್ಚಿನ ಕೆಲಸ ನಾಲಗೆ ಮತ್ತು ಕೆಳದವಡೆಯದು. ಮೇಲ್ತುಟಿ ಎದೆಗೆ ಮೆತ್ತಗೆ ಒರಗಿ ಗಾಳಿ ಹೋಗದಂತೆ ಮುಚ್ಚಿದರೆ ಸಾಕು. ಪೂರ್ತಿ ಹೊರಗೆ ಮಡಚಿಕೊಳ್ಳಲೇಬೇಕು ಅಂತೇನಿಲ್ಲ. ತೊಟ್ಟು ನೋವು, ಮಗು ಕಚ್ಚಿ ಕಚ್ಚಿ ಬಿಡುವುದು, ತೂಕ ಏರದಿರುವುದು ಇದ್ದರೆ ಮೊದಲು ಮಗುವನ್ನು ಹಿಡಿಯುವ ಭಂಗಿ, ಬಾಯಿ ಎಷ್ಟು ಅಗಲ ತೆರೆಯುತ್ತದೆ, ನಾಲಗೆ ಎಷ್ಟು ಹೊರಬರುತ್ತದೆ ಅಂತ ಮಕ್ಕಳ ವೈದ್ಯರಿಗೋ, ಹಾಲೂಡಿಸುವುದನ್ನು ಕಲಿಸುವ ನರ್ಸಿಗೋ ತೋರಿಸಿ. ನಾಲಗೆಯ ಕೆಳಗಿನ ಪೊರೆ ಬಿಗಿಯಾಗಿ ತೊಂದರೆ ಕೊಡುವುದು ಬೇರೆ ವಿಷಯ, ಅದಕ್ಕೆ ಕೆಲವೊಮ್ಮೆ ಚಿಕಿತ್ಸೆ ಬೇಕಾಗುತ್ತದೆ. ಲೇಸರ್ ಆದ ಮೇಲೆ ದಿನಕ್ಕೆ ಹಲವು ಸಲ ಆ ಹಸಿಗಾಯವನ್ನು ಬೆರಳಿಂದ ಎತ್ತಿ ಹಿಗ್ಗಿಸಿ ಅಂತ ಕೆಲವೆಡೆ ಹೇಳಿ ಕಳಿಸುತ್ತಾರೆ. ಅಂಥ ನೋವಿನಿಂದ ಮಗು ಬಾಯಿಯ ಹತ್ತಿರ ಕೈ ತಂದರೇ ಮುಖ ತಿರುಗಿಸಲು ಕಲಿಯಬಹುದು. ನಿಮ್ಮ ಪತ್ರದಲ್ಲಿ ಹಾಲಿನ ತೊಂದರೆಯ ಒಂದು ಮಾತೂ ಇಲ್ಲ. ಅವನ ತೂಕದ ಕಾರ್ಡಿನಲ್ಲಿ ಗೆರೆ ಮೇಲಕ್ಕೇ ಹೋಗುತ್ತಿದ್ದರೆ ಅವನ ತುಟಿಯನ್ನು ಅವನ ಪಾಡಿಗೆ ಬಿಡಿ.

ಮಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಅವಳಿಗೆ ಮುಂದೆ ಚಿಕಿತ್ಸೆ ಬೇಕಾದರೂ ಬೇಕಾಗಬಹುದು.

8 ವರ್ಷಕ್ಕೆ ಮುಂದಿನ ಎರಡು ಹಲ್ಲಿನ ನಡುವೆ ಸಂದು ಇರುವುದು ರೋಗವಲ್ಲ. ಮೇಲಿನ ನಡುವಿನ ಹಲ್ಲುಗಳು 7–8ಕ್ಕೆ, ಪಕ್ಕದವು 8–9ಕ್ಕೆ, ಕೋರೆಹಲ್ಲುಗಳು 11–12ಕ್ಕೆ ಹುಟ್ಟುತ್ತವೆ. ಈಗ ಕೋರೆಹಲ್ಲು ಮೂಳೆಯೊಳಗೆ ಎತ್ತರದಲ್ಲಿ, ಪಕ್ಕದ ಹಲ್ಲುಗಳ ಬೇರಿಗೆ ಒರಗಿಕೊಂಡಿದೆ. ಬೇರು ಒಳಕ್ಕೆ ಒತ್ತಿದಾಗ ತಲೆ ಹೊರಕ್ಕೆ ಹರಡುತ್ತದೆ. ಹಾಗಾಗಿ ನಾಲ್ಕೂ ಹಲ್ಲು ಬೀಸಣಿಗೆ ಬಿಚ್ಚಿದ ಹಾಗೆ ಇರುತ್ತವೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ದಂತವೈದ್ಯರು ಇದನ್ನು ‘ಅಗ್ಲಿ ಡಕ್ಲಿಂಗ್’, ಅಂದರೆ ಕುರೂಪಿ ಬಾತುಮರಿಯ ಹಂತ ಅನ್ನುತ್ತಾರೆ. ಮಗುವಿನ ಮುಂದೆ ಆ ಹೆಸರು ಹೇಳದಿರುವುದು ಒಳ್ಳೆಯದು. ಕೋರೆಹಲ್ಲು ಕೆಳಗೆ ಇಳಿಯುತ್ತಿದ್ದಂತೆ ಹಲ್ಲಿನ ತಲೆಗಳನ್ನು ಒಳಕ್ಕೆ ತಳ್ಳುತ್ತದೆ, ಸಂದು ಕಿರಿದಾಗುತ್ತದೆ. 2 ಮಿಲಿಮೀಟರಿನೊಳಗಿನ ಸಂದು ಹೀಗೆ ತಾನಾಗಿ ಮುಚ್ಚುವ ಸಾಧ್ಯತೆ ಚೆನ್ನಾಗಿದೆ. ಅದಕ್ಕಿಂತ ದೊಡ್ಡದಾದರೆ ಪೂರ್ತಿ ಮುಚ್ಚುವುದು ಅನುಮಾನ. ನೀವು ಹೇಳಿದ ಬೆಂಕಿಕಡ್ಡಿಯ ದಪ್ಪ ಸುಮಾರು 2 ಮಿಲಿಮೀಟರ್, ಅಂದರೆ ನಿಮ್ಮ ಮಗಳು ಗಡಿಯಲ್ಲಿದ್ದಾಳೆ. ಗಡಿಯಲ್ಲಿರುವವರನ್ನು ಕಾಯಿಸಿ ನೋಡುವುದೇ ಸರಿ.

ಇದೇ ವರ್ಷಗಳಲ್ಲಿ ಹಲ್ಲು ಹುಟ್ಟುತ್ತ ದವಡೆಯ ಏಣು ಕೆಳಕ್ಕೆ ಬೆಳೆಯುತ್ತದೆ, ಫ್ರೀನಮ್ ಹಲ್ಲಿನ ಅಂಚಿನಿಂದ ದೂರವಾಗುತ್ತದೆ. 1974ರಲ್ಲಿ ಪ್ಲಾಚೆಕ್ ಮತ್ತು ಸಂಗಡಿಗರು ಫ್ರೀನಮ್ ಎಲ್ಲಿ ಅಂಟಿದೆ ಎಂಬುದರ ಮೇಲೆ ನಾಲ್ಕು ಬಗೆ ಮಾಡಿದರು. ಒಸಡಿಗಿಂತ ಮೇಲೆ ಸಡಿಲ ಚರ್ಮದಲ್ಲೇ ನಿಲ್ಲುವುದು, ಗಟ್ಟಿ ಒಸಡಿಗೆ ಬರುವುದು, ಎರಡು ಹಲ್ಲಿನ ನಡುವಿನ ಒಸಡಿನ ಮೊನೆಯ ತನಕ ಬರುವುದು, ಆ ಮೊನೆಯನ್ನೂ ದಾಟಿ ಹಿಂದೆ ಅಂಗುಳಕ್ಕೆ ಹೋಗುವುದು. ಚಿಕ್ಕ ಮಕ್ಕಳಲ್ಲಿ ಕೊನೆಯ ಎರಡು ಬಗೆ ಜಾಸ್ತಿ ಕಾಣುತ್ತವೆ. ದೊಡ್ಡವರಾದಂತೆ ಮೊದಲಿನ ಎರಡು ಜಾಸ್ತಿಯಾಗುತ್ತವೆ.

ಮಗಳದ್ದು ಕೊನೆಯ ಬಗೆಯೇ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ. ಮೇಲ್ತುಟಿಯ ಎರಡೂ ಬದಿ ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು, ಮೆಲ್ಲಗೆ ಮುಂದಕ್ಕೂ ಮೇಲಕ್ಕೂ ಎಳೆಯಿರಿ. ಇನ್ನೊಬ್ಬರು ಹಲ್ಲಿನ ಹಿಂಬದಿಯ ಆ ಪುಟ್ಟ ಉಬ್ಬನ್ನು ನೋಡಲಿ. ತುಟಿ ಎಳೆದಾಗ ಅದು ಬೆಳ್ಳಗಾದರೆ ಎಳೆಯ ನಾರು ಹಿಂದಿನ ತನಕ ಹೋಗಿದೆ ಎಂದರ್ಥ. ಬಣ್ಣ ಬದಲಾಗದಿದ್ದರೆ ಸಂದಿಗೆ ಈ ಎಳೆಯನ್ನು ದೂರುವುದರಲ್ಲಿ ಅರ್ಥವಿಲ್ಲ. ಬೆಳ್ಳಗಾದರೂ ಇವತ್ತೇ ಕತ್ತರಿಸಬೇಕು ಅಂತಲ್ಲ, ಕೋರೆಹಲ್ಲು ಬರುವ ತನಕ ಕಣ್ಣಿಟ್ಟಿರಬೇಕು ಅಂತ.

ಈಗ ಮಾಡಿಸಲೇಬೇಕಾದ ಒಂದು ಕೆಲಸ ಅಂದರೆ ಎಕ್ಸ್-ರೇ. ಎರಡು ಹಲ್ಲಿನ ನಡುವೆ ಮೂಳೆಯೊಳಗೆ ಮೊಳೆಯಂಥ ಒಂದು ಹೆಚ್ಚಿನ ಹಲ್ಲು ಅಡಗಿ ಕೂತಿದ್ದರೂ ಸಂದು ಬರುತ್ತದೆ. ಇದು ಹುಡುಗರಲ್ಲಿ ಹೆಚ್ಚು, ಆದರೆ ಹುಡುಗಿಯರಲ್ಲೂ ಇರುತ್ತದೆ. ಅದಿದ್ದರೆ ಎಳೆ ಕತ್ತರಿಸಿ ಪ್ರಯೋಜನವಿಲ್ಲ, ಆ ಹಲ್ಲನ್ನೇ ತೆಗೆಯಬೇಕು. ಪಕ್ಕದ ಹಲ್ಲು ಹುಟ್ಟದೇ ಇದ್ದರೆ, ಅಥವಾ ತೀರಾ ಸಣ್ಣದಾಗಿದ್ದರೆ, ಆಗಲೂ ನಡುವಿನ ಹಲ್ಲುಗಳು ದೂರ ಸರಿಯುತ್ತವೆ. ದವಡೆ ದೊಡ್ಡದು, ಹಲ್ಲು ಚಿಕ್ಕದು ಅಂತಾದರೆ ಎಲ್ಲ ಹಲ್ಲಿನ ನಡುವೆಯೂ ಜಾಗ ಉಳಿಯುತ್ತದೆ. ಬೆರಳು ಚೀಪುವುದು, ನುಂಗುವಾಗ ನಾಲಗೆಯಿಂದ ಹಲ್ಲನ್ನು ಮುಂದೆ ತಳ್ಳುವುದು ಕೂಡ ಕಾರಣ. ಒಂದೇ ಸಂದಿಗೆ ಇಷ್ಟು ದಾರಿ ಇರುವಾಗ, ಎಕ್ಸ್-ರೇ ತೆಗೆಯದೆ ಎಳೆಯ ಮೇಲೆ ಬೆರಳು ತೋರಿಸಿದ್ದರೆ ಆ ಸಲಹೆಯನ್ನು ನಾನಾದರೆ ಪಕ್ಕಕ್ಕಿಡುತ್ತೇನೆ.

ಕೋರೆಹಲ್ಲು ಪೂರ್ತಿ ಬಂದ ಮೇಲೂ ಸಂದು ಉಳಿದರೆ, ಮತ್ತು ಅದು ಅವಳಿಗೆ ಬೇಡವಾದರೆ, ಆಗ ಮೊದಲು ಕ್ಲಿಪ್ ಹಾಕಿ ಹಲ್ಲುಗಳನ್ನು ಹತ್ತಿರ ತರುತ್ತಾರೆ. ಎಳೆ ದಪ್ಪಗಿದ್ದರೆ ಅದನ್ನು ತೆಗೆಯುವುದು ಆಮೇಲೆ. ಈ ಕ್ರಮ ಯಾಕೆ ಅಂದರೆ, ಮೊದಲೇ ಕತ್ತರಿಸಿದರೆ ಹಲ್ಲುಗಳ ನಡುವೆ ಗಾಯ ಮಾಗಿ ಗಟ್ಟಿ ಕಲೆಯಾಗುತ್ತದೆ, ಅದೇ ಹಲ್ಲು ಸೇರಲು ಅಡ್ಡಿಯಾಗಬಹುದು. ಹಲ್ಲು ಸೇರಿದ ಮೇಲೆ ಕತ್ತರಿಸಿದರೆ ಕಲೆಯೇ ಅವುಗಳನ್ನು ಹಿಡಿದಿಡಲು ನೆರವಾಗುತ್ತದೆ. ಎಳೆ ತೀರಾ ದಪ್ಪಗಿದ್ದು ಹಲ್ಲು ಸೇರುವಾಗ ನಡುವೆ ಸಿಕ್ಕಿ ನೋಯುತ್ತಿದ್ದರೆ ಮಾತ್ರ ನಡುವೆಯೇ ತೆಗೆಯುತ್ತೇವೆ. ಕೊನೆಗೆ ಹಲ್ಲಿನ ಹಿಂಬದಿಗೆ ತೆಳು ತಂತಿ ಅಂಟಿಸಬೇಕು. ಇದನ್ನು ಬಿಟ್ಟರೆ ನಡುವಿನ ಸಂದು ಮತ್ತೆ ತೆರೆಯುವುದರಲ್ಲಿ ಬಹಳ ಹಟಮಾರಿ. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ನಿಲುವೂ ಇದೇ ದಾರಿಯದು. ನಡುವಿನ ಹಲ್ಲು, ಕೋರೆಹಲ್ಲು ಹುಟ್ಟುವ ತನಕ ಸಾಮಾನ್ಯವಾಗಿ ಕಾಯಿರಿ ಅನ್ನುತ್ತದೆ.

ತೆಗೆಯುವುದು ದೊಡ್ಡ ಆಪರೇಷನ್ ಏನಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಚಾಕುವಿನಲ್ಲೋ ಲೇಸರ್‌ನಲ್ಲೋ ತೆಗೆಯುತ್ತಾರೆ. ಲೇಸರ್‌ನಲ್ಲಿ ರಕ್ತ ಕಡಿಮೆ, ಹೊಲಿಗೆ ಬೇಡ, ಮೊದಲ ಕೆಲವು ದಿನ ನೋವೂ ಕಡಿಮೆ. ಚಾಕುವಿನಲ್ಲಿ ಎರಡು–ಮೂರು ಹೊಲಿಗೆ. ಎರಡು ವಾರ ಕಳೆದ ಮೇಲೆ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣದು. ಹಾಗಾಗಿ ‘ಲೇಸರ್ ಇದೆ’ ಅನ್ನುವುದು ಮಾಡಿಸಲು ಕಾರಣವಾಗಬಾರದು. ಕ್ಲಿಪ್ ಹಾಕುವ ತಜ್ಞರ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಆರ್ಥೊಡಾಂಟಿಕ್ಸ್ ವಿಭಾಗಕ್ಕೆ ಹೋಗಬಹುದು. ಖರ್ಚು ಕಡಿಮೆ, ಸ್ವಲ್ಪ ಕಾಯಬೇಕಾಗುತ್ತದೆ.

ಸಂದು ಅದೃಷ್ಟ ಅನ್ನುವ ಅತ್ತೆಯವರ ಮಾತಿಗೆ ನಾನು ಎದುರಾಡುವುದಿಲ್ಲ. ನೈಜೀರಿಯಾದಲ್ಲಿ ಇದನ್ನು ಚೆಲುವು ಅಂತ ಎಣಿಸುತ್ತಾರೆ, ಹುಟ್ಟಿನಿಂದ ಇಲ್ಲದವರು ದಂತವೈದ್ಯರ ಹತ್ತಿರ ಹೋಗಿ ಮಾಡಿಸಿಕೊಳ್ಳುವುದೂ ಉಂಟು. ಒಸಡು ಆರೋಗ್ಯವಾಗಿದ್ದರೆ ಸಂದು ಹಾಗೇ ಇರುವುದರಿಂದ ಹಲ್ಲಿಗೆ ನಷ್ಟವಿಲ್ಲ. 12 ದಾಟಿದ ಮೇಲೆ ಅವಳನ್ನೇ ಕೇಳಿ.

ಅಲ್ಲಿಯ ತನಕ ನಿತ್ಯದ ಒಂದು ತೊಂದರೆ ಇರಬಹುದು. ಎಳೆ ಕೆಳಗಿದ್ದರೆ ಬ್ರಷ್ಷಿನ ಬೆನ್ನು ಅದಕ್ಕೆ ತಾಗಿ ನೋಯುತ್ತದೆ. ಮಕ್ಕಳು ಆ ಜಾಗ ಬಿಟ್ಟು ಉಜ್ಜುತ್ತಾರೆ, ಮುಂದಿನ ಹಲ್ಲಿನ ಬುಡದಲ್ಲಿ ಹಳದಿ ಪದರ ಕೂರುತ್ತದೆ. ಅವಳ ಹಿಂದೆ ನಿಂತು, ತಲೆ ನಿಮ್ಮ ಹೊಟ್ಟೆಗೆ ಒರಗಿಸಿ, ಎಡಗೈ ತೋರುಬೆರಳನ್ನು ತುಟಿಯೊಳಗೆ ಎಳೆಯ ಮೇಲೆ ಅಡ್ಡ ಇಟ್ಟು ಮುಚ್ಚಿ. ಬೆರಳ ಕೆಳಗೆ ಬ್ರಷ್ ಆಡಿಸಿ. ನೋವಾಗುವುದಿಲ್ಲ. ಸಣ್ಣವನಿಗೆ ಹಲ್ಲು ಬಂದಾಗಲೂ ಇದೇ ಉಪಾಯ.

ತುಟಿ ಎತ್ತಿ ನೋಡುವಾಗ ಇನ್ನೂ ಒಂದು ಕಾಣಬಹುದು. ಕೆಲವರ ಎಳೆಯ ಮೇಲೆ ಪುಟ್ಟ ಚರ್ಮದ ತುಣುಕು ನೇತಾಡುತ್ತಿರುತ್ತದೆ, ಕೆಲವರದರಲ್ಲಿ ಸಣ್ಣ ಗಂಟು, ಇನ್ನು ಕೆಲವರದು ಕವಲೊಡೆದು ಎರಡಾಗಿರುತ್ತದೆ. ದೊಡ್ಡವರು ಒಂದು ದಿನ ಕನ್ನಡಿಯಲ್ಲಿ ನೋಡಿಕೊಂಡು ಕ್ಯಾನ್ಸರ್ ಅಂತ ಹೆದರಿ ಓಡಿ ಬರುತ್ತಾರೆ. ಬಾಯಿಯ ಬಣ್ಣದ್ದೇ ಆಗಿ, ಮೆತ್ತಗೆ, ನೋವಿಲ್ಲದೆ, ಬೆಳೆಯದೆ ಇದ್ದರೆ ಅದು ಹುಟ್ಟಿನ ವೈವಿಧ್ಯ. 1971ರಲ್ಲೇ ಸೆವೆರಿನ್ ಎಂಬ ಡೆನ್ಮಾರ್ಕಿನ ದಂತವೈದ್ಯರು ಇಂಥ ಆಕಾರಗಳನ್ನು ಪಟ್ಟಿ ಮಾಡಿದ್ದಾರೆ. ಬಿಟ್ಟುಬಿಡಿ.

ಯಜಮಾನರ ಅಂಗುಳದ ಗಂಟೂ ಹೆಚ್ಚುಕಡಿಮೆ ಇದೇ ಜಾತಿ. ನಡುಗೆರೆಯ ಮೇಲೆ ಮೂಳೆಯೇ ಸ್ವಲ್ಪ ಉಬ್ಬಿರುವುದಕ್ಕೆ ಟೋರಸ್ ಅನ್ನುತ್ತಾರೆ. ಮನೆತನದಲ್ಲಿ ಬರುತ್ತದೆ, ನಿಧಾನವಾಗಿ ಬೆಳೆದು ನಿಲ್ಲುತ್ತದೆ. ಮಗಳ ಎಳೆಗೂ ಇದಕ್ಕೂ ಸಂಬಂಧವಿಲ್ಲ. ಮೂಳೆಯಷ್ಟು ಗಟ್ಟಿಯಾಗಿ, ನಟ್ಟನಡುವೆ ಇದ್ದರೆ ಚಿಂತೆ ಬೇಡ. ಮೆತ್ತಗಿದ್ದರೆ, ಒಂದೇ ಪಕ್ಕಕ್ಕಿದ್ದರೆ, ಬೇಗ ಬೆಳೆಯುತ್ತಿದ್ದರೆ, ಮೇಲೆ ಹುಣ್ಣಾಗಿದ್ದರೆ ತೋರಿಸಿ.

ವಂಶದ ದೋಷವೇ ಅಂತ ಕೇಳಿದ್ದೀರಿ. ಸಂದು, ಎಳೆಯ ದಪ್ಪ ಮನೆಯವರಲ್ಲಿ ಹೋಲುವುದುಂಟು, ಅದು ಮೂಗು ಹೋಲಿದಷ್ಟೇ. ಫ್ರೀನಮ್ ನಿಜಕ್ಕೂ ಬೇರೇನನ್ನೋ ಹೇಳುವ ಸಂದರ್ಭಗಳು ಬಹಳ ಅಪರೂಪ. ಒಂದೇ ಎಳೆಯ ಬದಲು ಹಲವು ಎಳೆಗಳು ಮೇಲ್ತುಟಿಯನ್ನು ಒಸಡಿಗೆ ಹೊಲಿದಂತೆ ಹಿಡಿದಿದ್ದು, ಕಿರುಬೆರಳ ಪಕ್ಕ ಆರನೇ ಬೆರಳು, ಕುಳ್ಳ ಕೈಕಾಲು, ಪುಟ್ಟ ಉಗುರು, ಹೃದಯದಲ್ಲಿ ರಂಧ್ರ ಇದ್ದರೆ ಎಲ್ಲಿಸ್–ವ್ಯಾನ್ ಕ್ರೆವೆಲ್ಡ್ ಸಿಂಡ್ರೋಮ್ ನೆನಪಾಗಬೇಕು. 1940ರಲ್ಲಿ ವರದಿಯಾದ ಕಾಯಿಲೆ ಅದು. ತಂದೆ ತಾಯಿ ಇಬ್ಬರಿಂದಲೂ ಒಂದೇ ಬಗೆಯ ಕೆಟ್ಟ ಜೀನ್ ಬಂದಾಗ ಮಾತ್ರ ಕಾಣಿಸುತ್ತದೆ. ಹಾಗಾಗಿ ಸೋದರಮಾವನನ್ನೋ ಅತ್ತೆ–ಮಾವನ ಮಕ್ಕಳನ್ನೋ ಮದುವೆಯಾಗುವ ನಮ್ಮ ಕಡೆಯ ಮನೆಗಳಲ್ಲಿ ಇಂಥವನ್ನು ವೈದ್ಯರು ವಿಚಾರಿಸಬೇಕಾಗುತ್ತದೆ. ಇದರ ತದ್ವಿರುದ್ಧವೂ ಇದೆ. ಫ್ರೀನಮ್ ಇಲ್ಲವೇ ಇಲ್ಲ, ಮೇಲೆ ನಡುವೆ ಎರಡರ ಬದಲು ಒಂದೇ ಹಲ್ಲು. ಅಂಥ ಮಗುವಿನ ಮೂಗಿನ ದಾರಿ, ಎತ್ತರದ ಬೆಳವಣಿಗೆ ಪರೀಕ್ಷಿಸಬೇಕು. ನಿಮ್ಮ ಪತ್ರದಲ್ಲಿ ಇಂಥದ್ದೇನೂ ಕಾಣುವುದಿಲ್ಲ.

ಕಡೆಯದಾಗಿ, ಸಣ್ಣವನು ಇನ್ನೊಂದು ವರ್ಷದೊಳಗೆ ನಡೆಯಲು ಕಲಿಯುತ್ತಾನೆ. ಮಂಚದ ಅಂಚಿಗೋ ಹೊಸ್ತಿಲಿಗೋ ಮುಗ್ಗರಿಸಿ ಬಿದ್ದು ಈ ಎಳೆಯನ್ನು ತಾನೇ ಹರಿದುಕೊಳ್ಳುವ ಮಕ್ಕಳು ತುಂಬಾ ಜನ. ಬಾಯಿ ತುಂಬ ರಕ್ತ ಬಂದು ಹೆದರಿಕೆಯಾಗುತ್ತದೆ. ಒದ್ದೆ ಬಟ್ಟೆಯಿಂದ ಮೇಲ್ತುಟಿಯನ್ನು ಹೊರಗಿನಿಂದ ಹಲ್ಲಿಗೆ ಒತ್ತಿ ಹಿಡಿದು ಹತ್ತು ನಿಮಿಷ ಕೂರಿ, ನಿಲ್ಲುತ್ತದೆ. ಸಾಮಾನ್ಯವಾಗಿ ಹೊಲಿಗೆ ಬೇಡ, ಕೆಲವೇ ದಿನದಲ್ಲಿ ಮಾಗುತ್ತದೆ. ಬಂದವರಿಗೆಲ್ಲ ತುಟಿ ಎತ್ತಿ ತೋರಿಸಬೇಡಿ, ಎತ್ತಿದಷ್ಟು ಸಲ ಗಾಯ ಬಿಚ್ಚಿ ಮತ್ತೆ ರಕ್ತ ಬರುತ್ತದೆ. ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೂ ತೆವಳಲೂ ಬಾರದ ಕೂಸಿನ ಎಳೆ ಹರಿದಿದ್ದರೆ ಮಾತ್ರ ಅದು ಬೇರೆ ಮಾತು. ಅದು ತಾನಾಗಿ ಆಗುವಂಥದ್ದಲ್ಲ. ಯಾರ ಕೈಯಲ್ಲಿದ್ದಾಗ, ಹೇಗಾಯಿತು ಅಂತ ಕೇಳಲೇಬೇಕು, ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು.